ಲೇತಿನ ಕಾಲಡಿಯ ನಾರು

"ಹಾರೆ ಇನ್ನೊಂಚೂರು ಒಳಕ್ಕೆ ತಳ್ಳಪ್ಪ ಫೈಸಲ್. ಹ್ಞಾ, ಈಗ ಎತ್ತು!"

ದಂಡಿನಶಿವರದ ಸೂರ್ಯಪ್ರಕಾಶ್ ಪಂಚೆ ಎತ್ತಿ ಕಟ್ಟಿ, ಕಬ್ಬಿಣ ಕಡೆಯುವ ಲೇತಿಗೆ ಹೆಗಲು ಕೊಟ್ಟ. ಒಳಗಿನ ಕೋಣೆಯಲ್ಲಿ ಫೈಸಲ್‌ನ ತಂದೆ ನಿಜಾಮುದ್ದೀನ್ ಸಾಬರು ಬಿಳಿ ಬಟ್ಟೆ ಹೊದ್ದು ಅತ್ತರಿನ ವಾಸನೆಯಲ್ಲಿ ಮಲಗಿದ್ದರು. ತಿಪಟೂರಿನ ಆ ಓಣಿಯಲ್ಲಿ ಅವರ ಮನೆಗಿದ್ದದ್ದು ಒಂದೇ ದಾರಿ, ಅದೂ ಮುಂದಿನ ಲೇತ್ ಶೆಡ್ಡಿನ ಮೂಲಕ. ಮದುವಣಗಿತ್ತಿಯಾಗಿ ಬಂದ ಸಾಬರ ಹೆಂಡತಿ ಮಹಮೂದಾ ಕೂಡ ಲೇತಿನ ಪಕ್ಕ ಅಡ್ಡಡ್ಡವಾಗಿ ನುಸುಳಿಯೇ ಮನೆ ಸೇರಿದ್ದು. ಹೆಣ ಹೊರುವ ಜನಾಜಾದ ಮಂಚ ಹಾಗೆ ನುಸುಳುವುದಿಲ್ಲವಲ್ಲ. ಲೇತು ಒಂದು ಮೊಳ ಸರಿಯಬೇಕಿತ್ತು.

ಓಣಿಯಲ್ಲಿ ಖಾಲಿ ಟೆಂಪೋ ನಿಂತಿತ್ತು. ಬಾಡಿಗೆಗೆ ಹಿಡಿದು ತಂದವನು ಸೂರ್ಯಪ್ರಕಾಶನೇ. ಅವನು ಕೊಂಡಿದ್ದ ಲೇತನ್ನು ಇವತ್ತು ಬಂದು ಒಯ್ಯಲು ಸಾಬರೇ ದಿನ ಗೊತ್ತು ಮಾಡಿದ್ದರು. ಬಂದು ನೋಡಿದರೆ, ಬೆಳಗಿನ ನಮಾಜಿಗೆ ಎದ್ದವರು ಕೂತಲ್ಲೇ ಹೋಗಿಬಿಟ್ಟಿದ್ದರು. ಸಾವಿನ ಮನೆಗೆ ಟೆಂಪೋ ತಂದೆನಲ್ಲ ಎಂದು ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಗಿಂತ ದುಃಖ ಹೆಚ್ಚಿತ್ತು.

"ಅಂಕಲ್, ಅಡೀಗೆ ಏನೋ ಮೆತ್ತಗೈತೆ," ಎಂದ ಫೈಸಲ್.

ಲೇತಿನ ಕಾಲುಗಳಡಿ ತೆಂಗಿನ ನಾರಿನ ದಪ್ಪ ಮೆತ್ತೆಗಳಿದ್ದವು. ಎಣ್ಣೆ ಕುಡಿದು, ಕಬ್ಬಿಣದ ಚೂರು ಮೆತ್ತಿಕೊಂಡು ನೆಲದ ಬಣ್ಣವೇ ಆಗಿಹೋಗಿದ್ದವು.

"ಅಯ್ಯೋ ಸಾಬ್ರೆ, ನಡುಗ್ತಿದ್ದಿದ್ದು ಇದಕ್ಕೇನಾ!" ಎಂದು ಸೂರ್ಯಪ್ರಕಾಶ್ ಅಲ್ಲೇ ಕುಕ್ಕರಿಸಿದ.

*

ಹೋದ ತಿಂಗಳು ಅವನು ಲೇತು ನೋಡಲು ಬಂದಿದ್ದ. ತೋಟದ ಮನೆಯ ಕೊಟ್ಟಿಗೆಯಲ್ಲಿ ಸಣ್ಣ ವರ್ಕ್‌ಶಾಪ್ ಮಾಡಿ, ಕಾಯಿ ಸುಲಿಯುವ ಮಿಷನ್ನಿನ ಶಾಫ್ಟು, ಬುಷ್ಷುಗಳನ್ನು ತಾನೇ ಕಡೆಯಬೇಕೆಂಬ ಹುಚ್ಚು ಅವನಿಗೆ ಬಹಳ ವರ್ಷದ್ದು. ಹೆಣ್ಣು ನೋಡಲು ಬಂದವನ ಗತ್ತಿನಲ್ಲಿ ಸುತ್ತ ಒಂದು ಸುತ್ತು ಹಾಕಿದ. ಐಬು ತೋರಿಸಿದವರು ಮಾತ್ರ ಮಾರುವವರೇ.

"ಇಲ್ಲಿ ಉಗುರಾಡ್ಸು. ಕಬ್ಬಿಣ ಕಚ್ಚಿ ತಿರುಗೋ ಚಕ್ ಹತ್ರ ಬೆಡ್ಡಿನ ಹಳಿ ಸವೆದೈತೆ ಅಲ್ವಾ? ಕೆಲ್ಸ ಎಲ್ಲಾ ಈ ಗೇಣು ಜಾಗದಾಗೇ ಮಾಡಿದ್ದು ಕಣಪ್ಪ. ಈಗ ಈ ಹಿಡಿ ಹಿಂದೆ ಮುಂದೆ ತಿರುಗ್ಸು. ಸಡಿಲ ಆಟ ಎಷ್ಟೈತೆ ನೋಡ್ಕೊ. ಆಮೇಲೆ ನನ್ನ ಬೈಬ್ಯಾಡ."

ಕೊನೆಗೆ ಒಂದು ನಾಣ್ಯವನ್ನು ಲೇತಿನ ತಲೆಯ ಮೇಲೆ ಅಂಚಿಗೆ ನಿಲ್ಲಿಸಿ ಸ್ವಿಚ್ಚು ಒತ್ತಿದರು. ನಾಣ್ಯ ನಡುಗಿ ಮಲಗಿಬಿಟ್ಟಿತು.

"ಅಡಿ ಗಟ್ಟಿ ಇಲ್ಲ ಸಾಬ್ರೆ."

"ಗಟ್ಟಿ ನೆಲದ್ ಮೇಲೆ ಕೂರ್ಸು, ನಿಲ್ತದೆ."

"ನೀವ್ಯಾಕೆ ಕೂರ್ಸಿಲ್ಲ ಮತ್ತೆ?"

ಸಾಬರು ಮನೆಯ ಕಡೆಯ ಗೋಡೆಯನ್ನು ಒಮ್ಮೆ ನೋಡಿದರು. ನಾಣ್ಯವನ್ನು ಅದೇ ಗೋಡೆಯ ಗೂಡಿನಲ್ಲಿಟ್ಟು, ಚಹಾ ತರಿಸಿದರು.

*

ಮಣ್ಣು ಕೊಟ್ಟು ಬರುವಷ್ಟರಲ್ಲಿ ಹೊತ್ತು ವಾಲಿತ್ತು. ಶೆಡ್ಡಿನ ಹಂಚಿನ ಸಂದಿಯಿಂದ ಇಳಿದ ಬಿಸಿಲಿನಲ್ಲಿ ಧೂಳು ತನ್ನ ಪಾಡಿಗೆ ತೇಲುತ್ತಿತ್ತು. ಮನೆಯ ಒಳಬಾಗಿಲಿಗೆ ಪರದೆ ಬಿದ್ದಿತ್ತು. ಗಂಡ ಸತ್ತ ಮೇಲಿನ ಇದ್ದತ್, ಹೊರಗಿನ ಗಂಡಸರೆದುರು ಮಹಮೂದಾ ಬರುವ ಹಾಗಿಲ್ಲ. ಮಾತೆಲ್ಲ ಪರದೆಯ ಹಿಂದಿನಿಂದಲೇ.

"ಭಾಬಿ, ಮಿಷನ್ ಅಡಿ ಸಾಬ್ರು ನಾರು ಯಾಕೆ ಹಾಕಿದ್ರು?"

"ಯಾವ ನಾರು?"

"ತೆಂಗಿನ ನಾರು. ಸದ್ದು ಗೋಡೆ ದಾಟ್ದೇ ಇರ್ಲಿ ಅಂತ ಹಾಕಿರ್ಬೇಕು."

ಪರದೆಯ ಹಿಂದೆ ಮಂಚ ಕಿರುಗುಟ್ಟಿತು.

"ಫೈಸಲ್ ಹುಟ್ಟಿದ್ ವರ್ಷ ನಂಗೆ ಜ್ವರ. ತಲೆ ಸಿಡೀತೈತೆ, ನಿಲ್ಸಿ ಅಂತ ಕೂಗಿದ್ದೆ. ಒಂದೇ ಸಲ ಕಣಪ್ಪ. ಆಮೇಲೆ ಸದ್ದು ಸಣ್ಣಗಾಯ್ತು. ಮಿಷನ್ನಿಗೂ ವಯಸ್ಸಾಯ್ತು ಅಂದ್ಕೊಂಡೆ. ಆ ಸದ್ದಿಲ್ದೆ ನಂಗೆ ಕಣ್ಣು ಹತ್ತಲ್ಲ. ಮಂಚ ಗೋಡೆಗೆ ತಳ್ಕೊಂಡೆ. ಗೋಡೆಗೆ ಕೈ ಇಟ್ಕೊಂಡೇ ಮಲಗ್ತಿದ್ದೆ."

ಒಂದೇ ಮನೆಯಲ್ಲಿ ಅಷ್ಟು ಕಾಲ ಬಾಳಿದವರು ಇಷ್ಟು ಸಣ್ಣ ವಿಷಯಕ್ಕೆ ಬಾಯಿ ಬಿಟ್ಟಿರಲಿಲ್ಲ.

"ತಗೊಂಡೋಗೋ ಮುಂಚೆ ಒಂದ್ಸಲ ಓಡ್ಸಪ್ಪ," ಎಂದರು ಮಹಮೂದಾ.

"ಅಮ್ಮಿ, ಇವತ್ತಾ? ಜನ ಏನಂತಾರೆ?"

"ಜನಕ್ಕೆ ನಿದ್ದೆ ಬತ್ತದೆ ಕಣೋ."

ಸೂರ್ಯಪ್ರಕಾಶನ ಕಣ್ಣ ಮುಂದೆ ಕೊಟ್ಟಿಗೆಯ ವರ್ಕ್‌ಶಾಪ್ ಬಂದು ಹೋಯಿತು. ಅವನು ಓಣಿಗೆ ಹೋಗಿ ಟೆಂಪೋದವನಿಗೆ ಏನೋ ಹೇಳಿ ಬಂದ. ಗಾಡಿ ಖಾಲಿಯಾಗಿಯೇ ಹೊರಟಿತು.

"ಮಿಷನ್ ಇಲ್ಲೇ ಇರ್ಲಿ ಭಾಬಿ. ಕೆಲ್ಸ ಇದ್ದಾಗ ನಾನೇ ಬತ್ತೀನಿ. ನಾನಿಲ್ಲದ ದಿನ ಫೈಸಲ್ ಒಂದ್ ಗಳಿಗೆ ಓಡಿಸ್ಲಿ."

ಗೂಡಿನಿಂದ ನಾಣ್ಯ ತೆಗೆದು ಅಂಚಿಗೆ ನಿಲ್ಲಿಸಿ, ಸ್ವಿಚ್ಚು ಒತ್ತಿದ. ನಾರಿನ ಮೆತ್ತೆ ಬಿಟ್ಟು ಬರಿ ನೆಲದ ಮೇಲೆ ಕೂತ ಲೇತು ತುಂಬು ದನಿಯಲ್ಲಿ ಎದ್ದಿತು. ಸದ್ದು ಗೋಡೆಯೊಳಗೆ ಇಳಿಯಿತು, ಗೂಡಿನಲ್ಲಿದ್ದ ಚಹಾ ಲೋಟ ಸಣ್ಣಗೆ ಗುನುಗಿತು.

ಎಷ್ಟೋ ಹೊತ್ತಿನ ಮೇಲೆ ಫೈಸಲ್ ಪರದೆ ಸರಿಸಿ ಇಣುಕಿದ. ಅಮ್ಮಿ ಗೋಡೆಗೆ ಅಂಗೈ ಒತ್ತಿ ನಿದ್ದೆ ಹೋಗಿದ್ದರು. ಸ್ವಿಚ್ಚಿಗೆ ಕೈ ಚಾಚಿದ್ದ ಸೂರ್ಯಪ್ರಕಾಶನಿಗೆ ಬೇಡವೆಂದು ಸನ್ನೆ ಮಾಡಿದ.

ಖಾಲಿ ಚಕ್ಕು ತಿರುಗುತ್ತಲೇ ಇತ್ತು. ನಾಣ್ಯ ನಿಂತೇ ಇತ್ತು.