ನೀರಣ್ಣ ಸಭೆಯಲ್ಲಿ ಆಡಿದ ಮಾತು

ಊರಿನ ನಲ್ಲಿಗಳು ಒಣಗಿ ಅಂದಿಗೆ ಹದಿನೇಳು ದಿನ. ಕೊಳವೆಬಾವಿಯಲ್ಲಿ ನೀರಿತ್ತು. ಪಂಪು ಸರಿಯಾಗಿತ್ತು. ಟ್ಯಾಂಕು ಸೋರುತ್ತಿರಲಿಲ್ಲ. ಇಲ್ಲದ್ದು ಕರೆಂಟು. ಎಂಟು ತಿಂಗಳ ಬಿಲ್ಲು ಬಾಕಿ ಬಿದ್ದಿದ್ದಕ್ಕೆ ವಿದ್ಯುತ್ ಕಚೇರಿಯವರು ಬಂದು ಪಂಪ್‌ಹೌಸಿನ ಫ್ಯೂಸು ಕಿತ್ತುಕೊಂಡು ಹೋಗಿದ್ದರು.

ಬೈಗುಳವೆಲ್ಲ ಬಿದ್ದದ್ದು ನೀರಣ್ಣನ ತಲೆಗೆ. ಪಂಪು ಹಾಕುವುದು, ಬೀದಿ ಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವುದು ಹನ್ನೊಂದು ವರ್ಷದಿಂದ ಅವನ ಕೆಲಸ.

"ಏನಪ್ಪಾ ನೀರಣ್ಣ, ಊರಲ್ಲಿ ಇನ್ನು ನೀರು ಉಳಿದಿರೋದು ನಿನ್ನ ಹೆಸರಲ್ಲಿ ಮಾತ್ರ ಅಲ್ವಾ?" ಅಂದ ಕ್ಷೌರದಂಗಡಿಯವನು.

ನೀರಣ್ಣ ತಲೆ ತಗ್ಗಿಸಿಕೊಂಡು ನಡೆದ. ಅವನ ಎದೆಯಲ್ಲಿ ಎರಡು ವರ್ಷದ ಹಿಂದಿನ ಒಂದು ಸಭೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

ಆ ಸಭೆಯಲ್ಲಿ ಮೊದಲು ಎದ್ದು ನಿಂತು ಮಾತಾಡಿದ್ದು ವೈರಕ್ಕ. ಮನೆಮನೆಗೆ ವೈರಿಂಗ್ ಮಾಡುವ ಹೆಂಗಸು. "ನಾನು ಯಾರಿಗೂ ವೈರಿ ಅಲ್ಲ, ವೈರಕ್ಕ" ಎಂದು ಅವಳೇ ನಗಿಸುತ್ತಿದ್ದಳು.

"ನಮ್ಮೂರಲ್ಲಿ ಬಿಸಿಲಿಗೇನು ಬರವೇ? ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಅಲೀತಿದ್ದೀವಿ. ಪಂಪ್‌ಹೌಸ್ ಪಕ್ಕದ ಬಯಲಲ್ಲಿ ಒಂದು ಮರದ ನೆರಳೂ ಬೀಳಲ್ಲ. ಅಲ್ಲಿ ಸೋಲಾರ್ ಹಾಕಿಸೋಣ. ಹಗಲು ಪಂಪು ಓಡುತ್ತೆ, ಟ್ಯಾಂಕು ತುಂಬುತ್ತೆ. ನೀರನ್ನೇ ತುಂಬಿಟ್ಟುಕೊಂಡ ಮೇಲೆ ಬ್ಯಾಟರಿ ಯಾಕೆ ಬೇಕು? ಖರ್ಚಿನಲ್ಲಿ ಒಂದು ಪಾಲು ಸಹಾಯಧನ ಬರುತ್ತೆ. ತಿಂಗಳ ಕೊನೆಯೊಳಗೆ ಅರ್ಜಿ ಹಾಕಬೇಕು, ಅಷ್ಟೇ."

ಜನ ಒಪ್ಪಿಗೆಗೆ ಕೈ ಎತ್ತತೊಡಗಿದ್ದರು. ಆಗ ನೀರಣ್ಣ ಎದ್ದ.

"ಪಂಪಿನ ವಿಷಯ ನನಗಿಂತ ಈಯಮ್ಮಂಗೆ ಜಾಸ್ತಿ ಗೊತ್ತಾ? ಮೋಡ ಮುಚ್ಚಿಕೊಂಡ ದಿನ ಏನು ಕುಡೀತೀರಿ? ಇರೋದು ನೆಟ್ಟಗಿದೆ. ಸುಮ್ಮನೆ ಯಾಕೆ ಕೈ ಹಾಕ್ತೀರಿ?"

ನೀರಿನ ವಿಷಯದಲ್ಲಿ ಅವನ ಮಾತಿಗೆ ತೂಕವಿತ್ತು. ಎತ್ತಿದ ಕೈಗಳು ಇಳಿದವು. ಅರ್ಜಿಯ ಗಡುವು ದಾಟಿತು. ಆಮೇಲೆ ಕರೆಂಟಿನ ದರ ಏರುತ್ತಲೇ ಹೋಯಿತು. ಮನೆಮನೆಯಿಂದ ಎತ್ತುವ ನೀರಿನ ಹಣ ಬಿಲ್ಲಿನ ಅರ್ಧಕ್ಕೂ ಸಾಲದಾಯಿತು.

ನಿಜ ಹೇಳಬೇಕೆಂದರೆ, ನೀರಣ್ಣ ಹೆದರಿದ್ದು ಮೋಡಕ್ಕಲ್ಲ. ಸೂರ್ಯ ಹುಟ್ಟಿದೊಡನೆ ಪಂಪು ತಾನೇ ಓಡುವುದಾದರೆ ತನ್ನನ್ನು ಯಾರು ಕೇಳುತ್ತಾರೆ? ಅವನ ಭಯ ಅದು. ಹೆಂಡತಿಗೂ ಅದನ್ನು ಹೇಳಿರಲಿಲ್ಲ.

ಹದಿನೇಳನೆಯ ದಿನ ಅವನು ಫ್ಯೂಸು ವಾಪಸು ಕೇಳಲು ಹೋಗಿ, ಮಧ್ಯಾಹ್ನದವರೆಗೆ ವಿದ್ಯುತ್ ಕಚೇರಿಯ ಬೆಂಚಿನ ಮೇಲೆ ಕೂತ. ಹೆಂಡತಿಗೆ ಏಳು ತಿಂಗಳು ತುಂಬಿತ್ತು. "ಕಲ್ಲುಕ್ವಾರಿ ಹೊಂಡಕ್ಕೆ ನೀರಿಗೆ ಹೋಗಬೇಡ, ಬಂದು ನಾನೇ ತರ್ತೀನಿ" ಎಂದು ಹೇಳಿಯೇ ಹೊರಟಿದ್ದ. ಆದರೆ ಮನೆಯಲ್ಲಿ ಒಂದು ಲೋಟ ನೀರೂ ಉಳಿದಿರಲಿಲ್ಲ. ಹಾಸಿಗೆ ಹಿಡಿದಿದ್ದ ನೀರಣ್ಣನ ತಾಯಿ ಬಾಯಾರಿಕೆ ಎಂದರು. ಸೊಸೆ ಕೊಡ ಎತ್ತಿಕೊಂಡು ಹೋದಳು. ಹಳೆಯ ಕಲ್ಲುಕ್ವಾರಿಯ ಹೊಂಡದಿಂದ ತುಂಬಿದ ಕೊಡ ಹೊತ್ತು ಹತ್ತುವಾಗ ಕಾಲು ಜಾರಿತು.

ಅವಳು ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು.

ಆಸ್ಪತ್ರೆಯಿಂದ ಬಂದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ವೈರಕ್ಕ ಎಲ್ಲಿಂದಲೋ ಎರಡು ಕೊಡ ನೀರು ತಂದು ಒಲೆಯ ಪಕ್ಕ ಇಳಿಸಿದಳು. ತಾಯಿ ಹಣೆ ಚಚ್ಚಿಕೊಂಡರು.

"ಹಾಳು ನಾಲಿಗೆ! ನಾನು ನೀರು ಕೇಳದೇ ಇದ್ದಿದ್ದರೆ..."

"ಹಾಳಾಗಿದ್ದು ನಿನ್ನ ನಾಲಿಗೆ ಅಲ್ಲಮ್ಮ, ನಂದು" ಅಂದ ನೀರಣ್ಣ. ಸಭೆಯ ದಿನ ತನ್ನ ಮನಸ್ಸಿನಲ್ಲಿದ್ದುದನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ.

ವೈರಕ್ಕ ಕೊಡದ ಬಾಯಿಗೆ ತಟ್ಟೆ ಮುಚ್ಚಿ ಅವನ ಕಡೆ ತಿರುಗಿದಳು. "ಅವತ್ತು ನನ್ನನ್ನ ಒಂದು ಮಾತು ಕೇಳಬಾರದಿತ್ತಾ ನೀರಣ್ಣ? ಪಂಪು ತಾನಾಗಿ ಓಡಬಹುದು. ಸೋಲಾರ್ ಹಲಗೆ ಮೇಲಿನ ಧೂಳು ತಾನಾಗಿ ಹೋಗುತ್ತಾ? ವಾಲ್ವು ಯಾರು ತಿರುಗಿಸಬೇಕು? ಬೇಲಿ ಯಾರು ನೋಡಿಕೊಳ್ಳಬೇಕು? ನಿಮ್ಮ ಕೆಲಸ ಎಲ್ಲಿಗೂ ಹೋಗ್ತಿರಲಿಲ್ಲ."

"ಮೋಡದ ದಿನ ಏನು ಮಾಡೋದಮ್ಮ?" ತಾಯಿ ಕೇಳಿದರು.

"ನೀರು ಕಮ್ಮಿ ಏರುತ್ತೆ. ಟ್ಯಾಂಕಲ್ಲಿ ಹಿಂದಿನ ದಿನದ್ದು ಇರುತ್ತೆ. ಅದೂ ಸಾಲದಿದ್ದರೆ ಮಾತ್ರ ಕರೆಂಟು ಹಾಕೋದು. ಆಗ ಬಿಲ್ಲು ಊರಿನ ಕೈಲಾಗೋಷ್ಟೇ ಬರುತ್ತೆ."

"ಈಗ ಅರ್ಜಿ ಹಾಕಿದರೆ?" ಅಂದ ನೀರಣ್ಣ.

"ಆ ಸಹಾಯಧನ ಮುಗಿದುಹೋಯ್ತು. ಮತ್ತೆ ಯಾವಾಗ ಕೊಡ್ತಾರೋ ಗೊತ್ತಿಲ್ಲ. ಹಾಕಿ ಕಾಯಬೇಕು."

ಗೋಡೆಯ ಕಡೆಯಿಂದ ಹೆಂಡತಿಯ ದನಿ ಬಂತು. "ನಮಗೆ ಯಾಕೆ ಹೇಳ್ತೀರಿ? ಯಾರ ಮುಂದೆ ಬೇಡ ಅಂದ್ರೋ ಅವರ ಮುಂದೆ ಹೇಳಿ."

ಆ ವಾರವೇ ಸಭೆ ಸೇರಿತು. ನೀರಣ್ಣ ಎದ್ದು ನಿಂತು ಒಂದನ್ನೂ ಮುಚ್ಚಿಡದೆ ಹೇಳಿದ. ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಊರಿಗೆ ಸುಳ್ಳು ಹೇಳಿದೆ ಎಂದ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಬಾಕಿಯನ್ನು ಕಂತಿನಲ್ಲಿ ತೀರಿಸುವುದು, ಸೋಲಾರಿಗೆ ಹೊಸ ಅರ್ಜಿ ಹಾಕುವುದು ಎಂದು ತೀರ್ಮಾನವಾಯಿತು. ಮನೆಗೇ ತಂದ ಅರ್ಜಿಗೆ ಮೊದಲ ಸಹಿ ಅವನ ಹೆಂಡತಿಯದು. ಎರಡನೆಯದು ಅತ್ತೆಯ ಹೆಬ್ಬೆಟ್ಟು.

ಮೊದಲ ಕಂತು ಕಟ್ಟಿದ ಮೇಲೆ ಫ್ಯೂಸು ಬಂತು. ಈಗ ದಿನ ಬಿಟ್ಟು ದಿನ ಅರ್ಧ ಗಂಟೆ ನೀರು. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ನೀರಣ್ಣ ಮನೆಯ ಕೊಡಗಳನ್ನು ತಾನೇ ತುಂಬಿಸಿಡುತ್ತಾನೆ. ಹೆಂಡತಿ ಊಟಕ್ಕೆ ಕರೆಯುತ್ತಾಳೆ. ಅದರಾಚೆಗೆ ಮಾತು ಬೆಳೆಯುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ಪಂಪಿನ ಬಿಲ್ಲು ಎಷ್ಟು ತಿಂಗಳಿಂದ ಬಾಕಿ ಇದೆ? ನಾಳೆಯೇ ಹೋಗಿ ಕೇಳಿ. ಪಂಪ್‌ಹೌಸಿನ ಹತ್ತಿರ ದಿನವಿಡೀ ಬಿಸಿಲು ಬೀಳುವ ಜಾಗ ಇದೆಯೇ ನೋಡಿ. ಸೋಲಾರಿಗೆ ಸಹಾಯಧನ ಇದೆಯೇ, ಅರ್ಜಿಗೆ ಕೊನೆಯ ದಿನ ಯಾವುದು ಎಂದು ವಿಚಾರಿಸಿ. ಹಾಕುವವರ ಹತ್ತಿರ ಗ್ಯಾರಂಟಿಯನ್ನು ಬರೆಸಿಕೊಳ್ಳಿ. ಕೆಟ್ಟರೆ ಎಷ್ಟು ದಿನದಲ್ಲಿ ಬರುತ್ತೀರಿ ಎಂದೂ ಬರೆಸಿಕೊಳ್ಳಿ. ನೋಡಿಕೊಳ್ಳುವವರು ಯಾರೆಂದು ಮೊದಲೇ ಗೊತ್ತುಮಾಡಿ, ಅವರ ಸಂಬಳ ನಿಲ್ಲದ ಹಾಗೆ ನೋಡಿಕೊಳ್ಳಿ. ನಿಮ್ಮ ಮನಸ್ಸಿನಲ್ಲಿ ಭಯವಿದ್ದರೆ ಅದನ್ನು ಭಯವೆಂದೇ ಸಭೆಯಲ್ಲಿ ಹೇಳಿ. ಉತ್ತರ ಗೊತ್ತಿರುವವರು ಅಲ್ಲೇ ಕೂತಿರಬಹುದು.

ಒಂದು ಹೆಣ್ಣು ಜೀವ ಕಾಲು ಜಾರಿದ ಮೇಲೆ ಸಭೆ ಸೇರಬೇಡಿ. ಇವತ್ತೇ ಸೇರಿ.