ಪರದೆಯ ಮೂಲೆಯಲ್ಲಿ ಕಂಡದ್ದು

ನಮ್ಮ ಪೈಪ್ ಗೋಡೌನಿನಲ್ಲಿ ಸಿನಿಮಾಕ್ಕೆ ಮಾರ್ಕು ಕೊಡುವವರು ಬಾಯಿಗೆ ಬಂದ ಅಂಕಿ ಹೇಳಿ ಎದ್ದು ಹೋಗುವಂತಿರಲಿಲ್ಲ. ಸೋಮವಾರ ಮಧ್ಯಾಹ್ನ ಊಟದ ಡಬ್ಬಿಗಳು ಖಾಲಿಯಾದ ಮೇಲೆ ಎಲ್ಲರೂ ಬೆಂಚಿನ ಸುತ್ತ ಕೂರಬೇಕು. ಭಾನುವಾರ ನೋಡಿದ ಸಿನಿಮಾದಲ್ಲಿ ಬೇರೆ ಯಾರ ಕಣ್ಣಿಗೂ ಬೀಳದ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಹತ್ತಕ್ಕೆ ಎಷ್ಟು ಅನ್ನುವುದು ಆಮೇಲಿನ ಮಾತು.

ಈ ಕಾನೂನು ತಂದವರು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಪೈಪಿನ ಕಟ್ಟುಗಳಿಗೆ ಕೊಕ್ಕೆ ಸಿಕ್ಕಿಸುವುದು ಅವರ ಕೆಲಸ. ಆರೂಮುಕ್ಕಾಲು, ಐದೂಕಾಲು ಅಂತ ಅಕ್ಕಸಾಲಿಗನ ಹಾಗೆ ತೂಗಿ ಮಾರ್ಕು ಕೊಡುತ್ತಿದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಪೋಸ್ಟರ್ ನೋಡಿಯೇ ಎಂಟು, ಒಂಬತ್ತು ಎಂದು ಹಂಚುತ್ತಿದ್ದ ಲಾರಿ ಡ್ರೈವರುಗಳ ಕಾಟ ತಡೆಯಲಾರದೆ ಅವರು ಈ ಕಾನೂನು ಮಾಡಿದ್ದು. "ನೋಡಿದ್ದೇನು ಅಂತ ಮೊದಲು ಹೇಳ್ರಪ್ಪ, ಆಮೇಲೆ ದಾನ ಮಾಡಿ" ಅನ್ನುತ್ತಿದ್ದರು.

ಈ ಆಟದಲ್ಲಿ ನಮ್ಮ ಭಾವನನ್ನು ಮೀರಿಸುವವರಿರಲಿಲ್ಲ. ಭಾವ ಎಂದರೆ ನಮ್ಮಕ್ಕನ ಗಂಡ, ಗೋಡೌನಿನ ಕ್ರೇನ್ ಆಪರೇಟರ್. ರಾಜರ ಕಾಲದ ಸಿನಿಮಾ ಒಂದರಲ್ಲಿ ಸೇನಾಪತಿ ಕತ್ತಿ ಎತ್ತಿದಾಗ ಎಲ್ಲರೂ ಕತ್ತಿ ನೋಡಿದರೆ ಭಾವ ಮಣಿಕಟ್ಟು ನೋಡಿದ್ದರು. "ಬಿಸಿಲಿಗೆ ಕೈಯೆಲ್ಲ ಕಪ್ಪಾಗಿತ್ತು, ವಾಚು ಕಟ್ಟೋ ಜಾಗ ಮಾತ್ರ ಬೆಳ್ಳಗಿತ್ತು" ಎಂದಿದ್ದರು. ಅವತ್ತಿನಿಂದ ಅವರು ಹದ್ದುಗಣ್ಣು.

ನನ್ನ ಕೆಲಸ ಕೆಳಗೆ ನಿಂತು ಕ್ರೇನಿಗೆ ಕೈಸನ್ನೆ ಕೊಡುವುದು. ಇದನ್ನು ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪೈಪಿನ ಕಟ್ಟು ಮೇಲೆದ್ದರೆ ಅದೊಂದು ಗೋಡೆ. ಅದರ ಬಲಗಡೆ ನಿಂತ ನನಗೆ ಎಡಗಡೆ ಏನಿದೆ ಎಂದು ಕಾಣುವುದಿಲ್ಲ. ಆದ್ದರಿಂದ ಬಲಗಡೆ ನನ್ನ ಜವಾಬ್ದಾರಿ, ಎಡಗಡೆ ಮೇಲಿನ ಕ್ಯಾಬಿನ್ನಿನಲ್ಲಿ ಕೂತ ಆಪರೇಟರನದು. ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ, ಆದರೆ ನಮ್ಮ ಜೀವಗಳು ಅದರ ಮೇಲೆಯೇ ನಿಂತಿದ್ದವು.

ಒಂದು ದಿನ ಭಾವ ಮನೆಯಲ್ಲಿ ಬಾಗಿಲ ಚೌಕಟ್ಟಿಗೆ ಭುಜ ಗುದ್ದಿಕೊಂಡರು. ಮರುದಿನ ಮತ್ತೆ. ಅಕ್ಕ ಬಲವಂತ ಮಾಡಿ ನನ್ನ ಜೊತೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ಗೋಡೆಯ ಅಕ್ಷರ ಓದಿಸಿದರು. ಭಾವ ಕೊನೆಯ ಸಾಲಿನವರೆಗೂ ಗಿಳಿಯ ಹಾಗೆ ಓದಿದರು. ಆಮೇಲೆ ಒಂದು ಯಂತ್ರಕ್ಕೆ ಗಲ್ಲ ಆನಿಸಿ ಕೂರಿಸಿದರು. ಅಕ್ಕಪಕ್ಕದಲ್ಲಿ ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಬೇಕಿತ್ತು. ಚುಕ್ಕಿಗಳು ಬಂದು ಬಂದು ಹೋದವು. ಭಾವನ ಬೆರಳು ಸುಮ್ಮನೆ ಇತ್ತು.

"ಪಕ್ಕದ ನೋಟ ಹೋಗಿಬಿಟ್ಟಿದೆ" ಅಂದರು ಡಾಕ್ಟರು. "ಹೋಗಿದ್ದು ಬರಲ್ಲ. ದಿನಾ ಡ್ರಾಪ್ಸ್ ಹಾಕಿದ್ರೆ ಉಳಿದಿರೋದು ಉಳಿಯುತ್ತೆ. ಏನು ಕೆಲಸ ಮಾಡ್ತೀರಿ?"

"ಗೋಡೌನಲ್ಲಿ" ಅಂದರು ಭಾವ.

ಪಕ್ಕದಲ್ಲೇ ಕೂತಿದ್ದ ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಆವತ್ತು ಸಂಜೆ ಅಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಅವರಿದ್ದ ಎರಡು ಕೋಣೆಯ ಮನೆ ಆಪರೇಟರಿಗೆಂದು ಕಂಪನಿ ಕೊಟ್ಟದ್ದು. ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದರು. "ಇವರು ಕ್ರೇನಿಂದ ಇಳಿದ ದಿನಾನೇ ನಾವು ನಾಲ್ಕು ಜನ ಬೀದಿಗೆ ಬೀಳ್ತೀವಿ. ದೊಡ್ಡವಳ ಓದು ಇನ್ನೊಂದು ವರ್ಷ ಇದೆ. ಅಲ್ಲಿವರೆಗೂ ನೀನು ಸುಮ್ಮನಿರು, ಅಷ್ಟು ಸಾಕು. ಇನ್ನೇನೂ ಕೇಳಲ್ಲ ನಿನ್ನ" ಎಂದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದ ಅಕ್ಕ. ಹೂಂ ಅಂದೆ. ಎಡಗಡೆಯನ್ನೂ ನಾನೇ ನೋಡಿಕೊಂಡರಾಯಿತು ಎಂದುಕೊಂಡೆ. ಎಂಥ ದೊಡ್ಡ ಮನುಷ್ಯ ನಾನು!

ಆದರೆ ಸೋಮವಾರ ಬಂತು. ಮೇಷ್ಟ್ರು, "ಎಲ್ಲಿ, ನಮ್ಮ ಹದ್ದು ಏನು ಹಿಡ್ಕೊಂಡು ಬಂದಿದೆ?" ಅಂದರು. ಭಾವ ಪೆಚ್ಚಾಗಿ, "ಈ ಸಲ ಏನೂ ಕಾಣಲಿಲ್ಲ, ನಿದ್ದೆ ಬಂತು" ಅಂದರು. ಎಲ್ಲರೂ ನಕ್ಕರು. ಮುಂದಿನ ಸೋಮವಾರವೂ ನಿದ್ದೆ ಎಂದರು. ಈ ಸಲ ಮೇಷ್ಟ್ರು ನಗಲಿಲ್ಲ, ಕತ್ತು ಓರೆ ಮಾಡಿ ಭಾವನ ಮುಖ ನೋಡಿದರು.

ಅಲ್ಲಿಂದ ನಾನು ಸಿನಿಮಾ ನೋಡುವುದನ್ನೇ ಬಿಟ್ಟು ಪರದೆಯ ಮೂಲೆಗಳನ್ನು ನೋಡತೊಡಗಿದೆ. ಭಾನುವಾರ ಮಧ್ಯಾಹ್ನದ ಆಟಕ್ಕೆ ಭಾವನ ಪಕ್ಕ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರುತ್ತಿದ್ದೆ. ನಾಯಕಿ ಸಾಯಲಿ, ಊರೇ ಹತ್ತಿ ಉರಿಯಲಿ, ನನ್ನ ನೋಟ ಮೂಲೆಯಲ್ಲಿ. ವಾಪಸ್ ಬರುವಾಗ ದಾರಿಯಲ್ಲಿ ಹೇಳಿಕೊಡುತ್ತಿದ್ದೆ.

"ಕದ್ದ ಮಾರ್ಕು ಕಣೋ ಇದು" ಅನ್ನುತ್ತಿದ್ದರು ಭಾವ. "ಅವರ ಮುಖ ನೋಡಿ ಹೇಳೋಕೆ ನಾಚಿಕೆ ಆಗುತ್ತೆ."

"ನಾಚಿಕೆ ಪಟ್ಕೊಂಡೇ ಹೇಳಿ" ಅನ್ನುತ್ತಿದ್ದೆ ನಾನು.

ಹೇಳಿದರು. ಚೆನ್ನಾಗಿಯೇ ಹೇಳಿದರು. ಒಂದು ಸಿನಿಮಾದಲ್ಲಿ ವಿಧವೆ ಮನೆ ಬಿಟ್ಟು ಹೋಗುವ ದೃಶ್ಯವಿತ್ತು. ಥಿಯೇಟರೆಲ್ಲ ಮೂಗು ಒರೆಸಿಕೊಳ್ಳುತ್ತಿದ್ದಾಗ ನಾನು ಮೇಲಿನ ಕಿಟಕಿಯಲ್ಲಿ ಒಂದು ಬಿಳಿ ಬೆಕ್ಕು ನೋಡಿದೆ. ಆಕೆ ತಿರುಗಿ ನೋಡುವಷ್ಟರಲ್ಲಿ ಅದೇ ಕಿಟಕಿಯಲ್ಲಿ ಕಂದು ಬೆಕ್ಕು ಕೂತಿತ್ತು. ಸೋಮವಾರ ಭಾವ ಇದನ್ನು ಹೇಳಿದಾಗ ಮೇಷ್ಟ್ರು ಕೆಮ್ಮು ಬರುವವರೆಗೆ ನಕ್ಕರು. "ನನ್ನ ಹೆಂಡತಿ ಆ ಸೀನಲ್ಲಿ ಬಿಕ್ಕಿ ಬಿಕ್ಕಿ ಅತ್ತಳು ಮಾರಾಯ್ರೆ. ಸಿನಿಮಾಕ್ಕೆ ನಾಲ್ಕೂವರೆ. ನಿಮ್ಮ ಕಣ್ಣಿಗೆ ಹತ್ತಕ್ಕೆ ಹತ್ತು" ಅಂದರು. ಮೇಷ್ಟ್ರು ಜನ್ಮದಲ್ಲಿ ಯಾವುದಕ್ಕೂ ಹತ್ತು ಕೊಟ್ಟವರಲ್ಲ.

ಸೂಪರ್‌ವೈಸರ್ ಅಲ್ಲೇ ಟೀ ಕುಡಿಯುತ್ತ ನಿಂತಿದ್ದರು. ಅವರ ಕೈಯಲ್ಲಿ ಆ ವರ್ಷ ಕಣ್ಣಿನ ತಪಾಸಣೆಗೆ ಕಳಿಸಬೇಕಾದವರ ಪಟ್ಟಿ ಇತ್ತು. "ಈ ಯಪ್ಪನಿಗೆ ಯಾವ ತಪಾಸಣೆ ರೀ, ಒಂದು ದಿನದ ಕೆಲಸ ಹಾಳು" ಎಂದು ಭಾವನ ಹೆಸರಿನ ಮುಂದೆ ಸರಿಯಿದೆ ಎಂದು ಬರೆದು ಸಹಿ ಹಾಕಿದರು. ಭಾವ ನನ್ನ ಕಡೆ ನೋಡಿದರು. ನಾನು ಡಬ್ಬಿ ತೊಳೆಯಲು ಎದ್ದು ಹೋದೆ. ಗೆದ್ದೆವು ಅನ್ನಿಸಿತ್ತು ನನಗೆ, ಅದನ್ನೇಕೆ ಮುಚ್ಚಿಡಲಿ.

ಅಷ್ಟು ದಿನವೂ ಪ್ರತಿ ಕಟ್ಟು ಎದ್ದಾಗ ನಾನು ಎಡಗಡೆಗೆ ಓಡಿ ನೋಡಿ, ವಾಪಸ್ ಬಲಗಡೆಗೆ ಬಂದು ಕೈಸನ್ನೆ ಕೊಡುತ್ತಿದ್ದೆ. ಕಾಲು ಬಿದ್ದುಹೋಗುತ್ತಿತ್ತು. ಒಂದು ಗುರುವಾರ ಹತ್ತು ಲಾರಿ ಸಾಲುಗಟ್ಟಿ ನಿಂತಿದ್ದವು. ಸೂಪರ್‌ವೈಸರ್ ರೇಗಿದರು. "ಏನಯ್ಯ ನೀನು, ಮೊಟ್ಟೆ ಇಡೋ ಕೋಳಿ ಹಾಗೆ ಸುತ್ತ ತಿರುಗ್ತೀಯ? ಮೇಲೆ ಬೆಕ್ಕಿನ ಬಣ್ಣ ಹಿಡಿಯೋ ಕಣ್ಣು ಕೂತಿದೆ. ನಿಂತಲ್ಲೇ ನಿಂತು ಕೈ ಎತ್ತು."

ಮೇಷ್ಟ್ರೂ ಕೊಕ್ಕೆ ಸಿಕ್ಕಿಸುತ್ತ, "ಹೋಗಲಿ ಬಿಡಪ್ಪ, ನಿಮ್ಮ ಭಾವ ಇದ್ದಾರಲ್ಲ" ಅಂದರು.

ಆಗ ಹೇಳಬಹುದಿತ್ತು. ಇಬ್ಬರೂ ಎದುರಿಗೇ ಇದ್ದರು. ಅಕ್ಕನ ಮುಖ ಕಣ್ಣ ಮುಂದೆ ಬಂತು, ನಾನು ನಿಂತಲ್ಲೇ ನಿಂತೆ.

ಆರು ಲಾರಿ ತುಂಬಿದೆವು. ಏಳನೆಯದಕ್ಕೆ ಕಟ್ಟು ಎದ್ದಿತು, ಬಲಗಡೆ ಯಾರೂ ಇರಲಿಲ್ಲ, ಸಾಗಿಸಿ ಎಂದು ಕೈ ಬೀಸಿದೆ. ಲಾರಿಯಲ್ಲಿ ಕಟ್ಟಿನ ಕೆಳಗೆ ಇಡುವ ಮರದ ತುಂಡು ಮರೆತುಹೋಗಿತ್ತೆಂದು ಮೇಷ್ಟ್ರು ಅದನ್ನು ಎತ್ತಿಕೊಳ್ಳಲು ಎಡಗಡೆಗೆ ಬಂದು ಬಗ್ಗಿದ್ದರು. ಕಟ್ಟು ಅವರನ್ನು ತಳ್ಳಿಕೊಂಡು ಹೋಗಿ ಪೈಪಿನ ರಾಶಿಗೆ ಒತ್ತಿತು. ಕೂಗು ಕೇಳಿ ನಾನು ಸೀಟಿ ಊದಿದೆ. ಭಾವ ತಕ್ಷಣ ನಿಲ್ಲಿಸಿದರು. ಅವರ ಕೈ ಯಾವತ್ತೂ ನಿಧಾನವಾಗಿರಲಿಲ್ಲ. ಆಸ್ಪತ್ರೆಯ ಗಾಡಿ ಬರುವ ಮೊದಲೇ ಮೇಷ್ಟ್ರು ಹೋಗಿಬಿಟ್ಟಿದ್ದರು. ಅವರ ತಲೆ ನನ್ನ ತೊಡೆಯ ಮೇಲಿತ್ತು.

ವಿಚಾರಣೆಗೆ ಇಬ್ಬರು ಅಧಿಕಾರಿಗಳು ಬಂದರು. ಆಪರೇಟರನ ಕಣ್ಣಿನ ಬಗ್ಗೆ ಕೇಳಿದಾಗ ಸೂಪರ್‌ವೈಸರ್ ಬೆಕ್ಕಿನ ಕಥೆ ಹೇಳಿದರು. ಸುಳ್ಳು ಹೇಳಲಿಲ್ಲ ಅವರು, ನಂಬಿದ್ದನ್ನು ಹೇಳಿದರು. ಪಟ್ಟಿಯಲ್ಲಿ ಸಹಿಯೂ ಇತ್ತು. ನನ್ನನ್ನು ಕೇಳಿದಾಗ ಬಲಗಡೆ ಯಾರೂ ಇರಲಿಲ್ಲ ಅಂದೆ. ಎತ್ತಿದ ಕಟ್ಟಿನ ದಾರಿಗೆ ಅಡ್ಡ ಹೋದದ್ದು ಸತ್ತವರದೇ ತಪ್ಪು ಎಂದು ವರದಿಯಾಯಿತು. ಭಾವ ಜ್ವರವೆಂದು ಹಾಸಿಗೆ ಹಿಡಿದರು, ಕೆಲಸಕ್ಕೆ ಬರಲಿಲ್ಲ. ಅಕ್ಕ ನನ್ನ ಜೊತೆ ಮಾತಾಡುವಾಗ ನೆಲ ನೋಡುತ್ತಿದ್ದಳು.

ಮೂರು ವಾರವಾದ ಮೇಲೆ ಮೇಷ್ಟ್ರ ಮನೆಗೆ ಹೋದೆ. ಅವರ ಹೆಂಡತಿ ಕುರ್ಚಿ ಹಾಕಿಕೊಟ್ಟರು, ನೀರು ತಂದಿಟ್ಟರು. ಬಾಗಿಲ ಹಿಂದೆ ಮೇಷ್ಟ್ರ ಕೆಲಸದ ಅಂಗಿ ಇನ್ನೂ ತೂಗಾಡುತ್ತಿತ್ತು.

"ತಪ್ಪು ಇವರದೇ ಅಂತ ಬರೆದಿದ್ದಾರೆ" ಅಂದರು ಆಕೆ. "ಇರಬಹುದೇನೋ. ಆದ್ರೆ ಇವರಿಗೆ ಎಷ್ಟು ಹೆದರಿಕೆ ಗೊತ್ತಾ? ರಸ್ತೆ ದಾಟೋಕೂ ಎರಡು ಸಲ ನೋಡೋರು. ಕ್ರೇನ್ ಹತ್ರ ಹುಷಾರು ಅಂತ ನಾನು ದಿನಾ ಹೇಳ್ತಿದ್ದೆ. ಮೇಲೆ ಅವರಿದ್ದಾರೆ ಬಿಡೇ, ಅವರ ಕಣ್ಣು ತಪ್ಪಿಸಿ ಇರುವೆ ಕೂಡ ಹೋಗಲ್ಲ ಅಂತಿದ್ರು."

ನನಗೆ ಕೂರಲಾಗಲಿಲ್ಲ. ಎದ್ದು ನಿಂತು ಹೇಳಿದೆ. ಡಾಕ್ಟರ ಚುಕ್ಕಿಗಳು, ಅಕ್ಕನ ಅಡುಗೆಮನೆ, ನಾನು ಹೇಳಿಕೊಟ್ಟ ಬೆಕ್ಕು, ಸೂಪರ್‌ವೈಸರ್ ರೇಗಿದರೆಂದು ಬಿಟ್ಟ ಓಟ, ಎಲ್ಲ ಹೇಳಿದೆ. ಹೊಡೆಯಲಿ ಎಂದು ಕಾದೆ. ಆಕೆ ಹೊಡೆಯಲಿಲ್ಲ, ಬೈಯಲೂ ಇಲ್ಲ.

"ಬರೆದುಕೊಡ್ತೀರಾ?" ಅಂದರು.

ಮಗನ ನೋಟ್‌ಬುಕ್ಕಿನಿಂದ ಹಾಳೆ ಹರಿದುಕೊಟ್ಟರು. ಬರೆಯುತ್ತಿದ್ದಂತೆ ಅಕ್ಕನ ಮನೆ ಖಾಲಿಯಾಗುವುದು ಕಾಣುತ್ತಿತ್ತು. ಸೂಪರ್‌ವೈಸರ್ ಕೆಲಸವೂ ಹೋಗುತ್ತದೆ, ನನ್ನದೂ ಹೋಗುತ್ತದೆ. ಭಾವನನ್ನು ಪೊಲೀಸರು ಕರೆಯುತ್ತಾರೆ. ಆದರೂ ಬರೆದೆ. ಕೊನೆಯಲ್ಲಿ ಸಹಿ ಹಾಕಿದೆ.

ಆಕೆ ಹಾಳೆಯನ್ನು ನಿಧಾನವಾಗಿ ಎರಡು ಸಲ ಓದಿ ಮಡಿಸಿದರು.

"ಇವರಿಗೊಬ್ಬರಿಗೆ ಹೇಳಿದ್ದಿದ್ರೆ ಸಾಕಿತ್ತು" ಅಂದರು. "ಇವರು ಯಾರ ಹತ್ರಾನೂ ಬಾಯಿ ಬಿಡ್ತಿರಲಿಲ್ಲ. ಸ್ವಲ್ಪ ಪಕ್ಕಕ್ಕೆ ನಿಂತ್ಕೋತಿದ್ರು, ಅಷ್ಟೇ."