ಯಾವ ಪಟ್ಟಿಯಲ್ಲೂ ಇಲ್ಲದ ಕಡತಗಳು

ಅತ್ತಿಗೆ ನನಗಿಟ್ಟ ಹೆಸರು ಪೊರಕೆ. ಅಣ್ಣನ ಮನೆಯಲ್ಲೇ ಇರುವ ನನಗೆ ಕಸ ಕಂಡರೆ ಮೈಯೆಲ್ಲ ಉರಿಯುತ್ತದೆ, ಅದಕ್ಕೆ. ಮಾತಿನ ತೊಂದರೆ ಇರುವವರ ಚಿಕಿತ್ಸಾಲಯವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಅಲ್ಲೂ ಬುದ್ಧಿ ಅದೇ.

ಅತ್ತಿಗೆಯ ಗಂಟಲಲ್ಲಿ ಗಡ್ಡೆ ಬೆಳೆದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ವೈದ್ಯರು ಹೇಳಿದಾಗ, ಅದಕ್ಕೆ ಮೊದಲು ದನಿಯನ್ನು ರೆಕಾರ್ಡ್ ಮಾಡಿಟ್ಟುಕೊಳ್ಳೋಣ ಎಂದವಳು ನಾನೇ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ನಮ್ಮ ಪುಟ್ಟ ಕೋಣೆಯಲ್ಲಿ ಅವರು ನಾಲ್ಕು ದಿನ ಕುಳಿತು ಮುನ್ನೂರು ವಾಕ್ಯ ಓದಿದರು. ಬಾಗಿಲು ತೆರೆದಿದೆ, ನಾಳೆ ಮಳೆ ಬರಬಹುದು, ಇಂಥವೇ.

"ಇದನ್ನೆಲ್ಲ ನಾನು ಯಾವತ್ತು ಹೇಳ್ತೀನೇ? ನಿನ್ನ ಬೈಯೋಕೆ ಬೇಕಾಗಿರೋ ಮಾತು ಒಂದೂ ಇಲ್ವಲ್ಲ ಇದ್ರಲ್ಲಿ."

"ಈ ಚೂರುಗಳನ್ನೇ ಜೋಡಿಸಿ ನೀವು ಟೈಪ್ ಮಾಡಿದ್ದನ್ನ ಯಂತ್ರ ನಿಮ್ಮ ದನಿಯಲ್ಲೇ ಹೇಳತ್ತೆ ಅತ್ತಿಗೆ. ಬೈಗುಳಾನೂ ಹೇಳತ್ತೆ" ಎಂದಿದ್ದೆ.

ಶಸ್ತ್ರಚಿಕಿತ್ಸೆಯಾಯಿತು. ಗಾಯ ಮಾಯುವವರೆಗೆ ಸ್ಲೇಟು ಅವರ ಕೈಗೆ ಬಂತು. ಅಷ್ಟರಲ್ಲಿ ಚಿಕಿತ್ಸಾಲಯಕ್ಕೆ ರೆಕಾರ್ಡಿಂಗಿನ ಹೊಸ ತಂತ್ರಾಂಶ ಬಂದಿತ್ತು. ಹಳೆಯದನ್ನು ನಮ್ಮ ಲಿನಕ್ಸ್ ಯಂತ್ರದಿಂದ ತೆಗೆದುಹಾಕಿದೆ. ಅಲ್ಲಿಯ ಪದ್ಧತಿ ಹೀಗೆ: ತಂತ್ರಾಂಶ ಒಳಗೆ ಬರುವಾಗ ತಾನು ತಂದ ಕಡತಗಳ ಪಟ್ಟಿ ಕೊಡುತ್ತದೆ, ಹೋಗುವಾಗ ಆ ಪಟ್ಟಿಯಲ್ಲಿದ್ದದ್ದನ್ನಷ್ಟೇ ಒಯ್ಯುತ್ತದೆ. ಇದ್ದಷ್ಟು ದಿನ ಅದು ಹುಟ್ಟಿಸಿದ್ದೆಲ್ಲ ಅಲ್ಲೇ ಬಿದ್ದಿರುತ್ತದೆ. ರೋಗಿಗಳ ಫೋಲ್ಡರೊಂದನ್ನು ಬಿಟ್ಟು, ಯಾವ ಪಟ್ಟಿಗೂ ಸೇರದ ಆ ಕಡತಗಳನ್ನು ಹುಡುಕಿಸಿದೆ. ಎರಡು ಸಾವಿರ ಸಾಲು ಬಂದವು. ಮೊದಲ ಪುಟ ನೋಡಿದರೆ ಬರೀ ಕಸ. ಉಳಿದದ್ದನ್ನು ನೋಡುವ ತಾಳ್ಮೆ ನನಗೆಲ್ಲಿಯದು? ಒಂದೇ ಏಟಿಗೆ ಅಳಿಸಿ, ಕೈ ಝಾಡಿಸಿಕೊಂಡು ಊಟಕ್ಕೆ ಎದ್ದೆ.

ರೆಕಾರ್ಡಿಂಗುಗಳು ರೋಗಿಗಳ ಫೋಲ್ಡರಿನಲ್ಲಿವೆ ಎಂದೇ ನಂಬಿದ್ದೆ. ಆ ಹಾಳು ತಂತ್ರಾಂಶ ಅವನ್ನು ತನ್ನದೇ ಮೂಲೆಯಲ್ಲಿ, ಹೆಸರಿಲ್ಲದೆ ಬರೀ ಸಂಖ್ಯೆ ಹಾಕಿ ಇಟ್ಟುಕೊಂಡಿತ್ತು. ಬೇರೆ ರೋಗಿಗಳ ದನಿ ಆಗಲೇ ತಯಾರಾಗಿ ಅವರ ಯಂತ್ರ ಸೇರಿತ್ತು. ಬಾಕಿ ಇದ್ದದ್ದು ಅತ್ತಿಗೆಯದು ಮಾತ್ರ.

ಹನ್ನೆರಡು ದಿನದ ಮೇಲೆ ಮಾತಿನ ಚಿಕಿತ್ಸಕಿ ಬಂದು, "ನಿಮ್ಮ ಅತ್ತಿಗೆಯವರ ರೆಕಾರ್ಡಿಂಗ್ ಕಾಣ್ತಾ ಇಲ್ವಲ್ಲ, ಎಲ್ಲಿಟ್ಟಿದ್ದೀರಿ?" ಎಂದು ಕೇಳಿದರು. ಬ್ಯಾಕಪ್ ಡಿಸ್ಕನ್ನು ತಡಕಾಡಿದೆ. ಇಲ್ಲಿ ಅಳಿಸಿದ್ದು ಮಾರನೆಯ ದಿನ ಅಲ್ಲೂ ಅಳಿಯುವಂತೆ ಏರ್ಪಾಡು ಮಾಡಿದವಳೂ ನಾನೇ. ಕಸವನ್ನು ಎರಡೆರಡು ಕಡೆ ಯಾಕೆ ಸಾಕಬೇಕು ಎಂಬ ಜಾಣತನ.

ಮನೆಗೆ ಬಂದು ಹೇಳಿದೆ. ಅತ್ತಿಗೆ ಸ್ಲೇಟು, ಬಳಪ ಎತ್ತಿಕೊಂಡರು. ಬರೆದರು: "ಒಂದು ಸಲ ಕೇಳಿ ನೋಡಬಹುದಿತ್ತು." ಬರೆದದ್ದನ್ನು ತಾವೇ ಅಂಗೈಯಿಂದ ಒರೆಸಿದರು. ಅದರ ಬದಲು ಸ್ಲೇಟಿನಿಂದಲೇ ತಲೆಗೆ ಕುಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಮನೆಯವರು ಯಾರಾದರೂ ದನಿ ಕೊಡಬಹುದು ಎಂದರು ಚಿಕಿತ್ಸಕಿ. ಮನೆಯಲ್ಲಿ ಇನ್ನೊಂದು ಹೆಣ್ಣು ದನಿ ನನ್ನದೇ. ಅದೇ ಕೋಣೆಯಲ್ಲಿ ಕುಳಿತು ಅದೇ ಮುನ್ನೂರು ವಾಕ್ಯ ಓದಿದೆ. ನಾಳೆ ಮಳೆ ಬರಬಹುದು ಎಂಬುದೊಂದನ್ನೇ ಏಳು ಸಲ ಓದಬೇಕಾಯಿತು.

ಈಗ ಅತ್ತಿಗೆ ಟೈಪ್ ಮಾಡಿದ್ದನ್ನು ಯಂತ್ರ ಹೇಳುತ್ತದೆ. "ಏ ಪೊರಕೆ, ಚಪ್ಪಲಿ ನೆಟ್ಟಗೆ ಬಿಡೋಕೆ ಆಗಲ್ವಾ ನಿಂಗೆ?" ನನ್ನದೇ ದನಿ ನನ್ನನ್ನು ಬೈಯುತ್ತದೆ. ಬೈಯಲಿ, ಅದು ನನಗೆ ಸಲ್ಲಬೇಕಾದ್ದೇ. ಸಹಿಸಲಾಗದಿರುವುದು ಬೇರೆ.

ಯಂತ್ರ ಬಂದ ಮೊದಲ ದಿನ ಅಣ್ಣ ಕೆಲಸ ಮುಗಿಸಿ ಬಂದಾಗ ಅಡುಗೆಮನೆಯಿಂದ ಅತ್ತಿಗೆ, "ನೀರು ಕಾದಿದೆ" ಎಂದರು. ಅಣ್ಣ ಶರ್ಟಿನ ಗುಂಡಿ ಬಿಚ್ಚುತ್ತಾ ಆ ದನಿಗೇ ಕೇಳಿದ, "ನಿಮ್ಮತ್ತಿಗೆ ಎಲ್ಲೇ?"

ಅಂದಿನಿಂದ ಅಣ್ಣ ಗೇಟು ತೆಗೆದ ಸದ್ದಾದ ಕೂಡಲೇ ಅತ್ತಿಗೆ ಯಂತ್ರವನ್ನು ಆರಿಸಿ, ಸ್ಲೇಟು ಎತ್ತಿಕೊಳ್ಳುತ್ತಾರೆ.